ಕರ್ನಲ್ ಕೊಟ್ಟಿದೆ, ಪರಿವರ್ತನೆ ಕಟ್ಟಿ

ಲೀನಿಯರ್ ಆಲ್ಜೀಬ್ರಾ ತರಗತಿಯಲ್ಲಿ ಸಾಮಾನ್ಯವಾಗಿ ಪರಿವರ್ತನೆಯನ್ನು ಕೊಟ್ಟು ಕರ್ನಲ್ ಕೇಳುತ್ತಾರೆ: ಯಾವ ಯಾವ ಸದಿಶಗಳು ಸೊನ್ನೆಯಾಗುತ್ತವೆ? ಸಮೀಕರಣ ಬಿಡಿಸಿದರೆ ಉತ್ತರ ಬಂತು. ಅದನ್ನೇ ತಿರುಗಿಸಿ ಕೇಳಿದರೆ ರುಚಿಯೇ ಬೇರೆ. ಸೊನ್ನೆಯಾಗಬೇಕಾದವು ಇವು, ಇವನ್ನಷ್ಟೇ ಸೊನ್ನೆ ಮಾಡುವ ಪರಿವರ್ತನೆಯನ್ನು ನೀವು ಕಟ್ಟಿಕೊಡಿ.

ಮೂರು ಆಯಾಮಗಳಲ್ಲಿ (1, 2, 3) ಮತ್ತು ಅದರ ಗುಣಕಗಳೆಲ್ಲ ಸೇರಿ ಕರ್ನಲ್ ಎನ್ನೋಣ. ಅಂದರೆ ಮೂಲಬಿಂದುವಿನಲ್ಲಿ ಹಾದುಹೋಗುವ ಒಂದು ಗೆರೆ. ಪೆನ್ನು ಹಿಡಿಯುವ ಮುಂಚೆ ಆ ಗೆರೆಯನ್ನೇ ಸ್ವಲ್ಪ ಹೊತ್ತು ನೋಡಿ. ಅದರ ಮೇಲಿರುವ ಬಿಂದುಗಳು ಪಾಲಿಸುವ ಕಟ್ಟಳೆ ಏನು? ಎರಡನೆಯ ಅಂಕಿ ಮೊದಲನೆಯದರ ಎರಡರಷ್ಟು, ಮೂರನೆಯದು ಮೂರರಷ್ಟು. ಅಷ್ಟೇ! (ಕ, ಖ, ಗ) ಎಂಬುದನ್ನು (2ಕ − ಖ, 3ಕ − ಗ) ಮಾಡಿ. ಕಟ್ಟಳೆ ಪಾಲಿಸಿದ ಬಿಂದುವಿಗೆ ಎರಡೂ ಸೊನ್ನೆ. ಮೀರಿದ್ದಕ್ಕೆ, ಎಷ್ಟು ಮೀರಿತು ಎಂಬ ಲೆಕ್ಕ ಹೊರಬರುತ್ತದೆ. ರಸಿಕರು ಕಣ್ಣಿಡಬೇಕಾದದ್ದು ಇಲ್ಲೇ: ಮಾತೃಕೆಯ ಒಂದೊಂದು ಸಾಲೂ ಒಂದೊಂದು ಕಟ್ಟಳೆ.

ಪ್ರಶ್ನೆಯಲ್ಲಿನ ‘ಇವನ್ನಷ್ಟೇ’ ಎಂಬ ಪದವನ್ನು ಹಗುರವಾಗಿ ಓದಬೇಡಿ. ಹೊಸಬರು 2ಕ − ಖ ಒಂದನ್ನೇ ಬರೆದು ನಿಲ್ಲಿಸುವುದುಂಟು. ಆಗ ಗೆರೆಯ ಜೊತೆಗೆ ಅದನ್ನೊಳಗೊಂಡ ಇಡೀ ಸಮತಲವೇ ಸೊನ್ನೆಯಾಗಿಬಿಡುತ್ತದೆ. ಕರ್ನಲ್‌ನ ಆಯಾಮ, ಬಿಂಬದ ಆಯಾಮ ಎರಡೂ ಸೇರಿ 3 ಆಗಲೇಬೇಕು; ಒಂದು ಕರ್ನಲ್‌ಗೆ ಹೋದರೆ ಉಳಿಯುವುದು ಎರಡು. ಅದಕ್ಕೇ ಎರಡು ಕಟ್ಟಳೆ ಬೇಕು. ಇದೊಂದೇ ಉತ್ತರವೇನಲ್ಲ. ಎರಡು ಸಾಲುಗಳನ್ನು ಕೂಡಿಸಿ, ಕಳೆದು ಬೇರೆ ಜೋಡಿ ಮಾಡಿಕೊಂಡರೂ ಕರ್ನಲ್ ಅದೇ. ಕರ್ನಲ್‌ನ ಆಧಾರವನ್ನು ಇಡೀ ಜಾಗದ ಆಧಾರವಾಗಿ ಬೆಳೆಸುವ ಮಾರ್ಗವೂ ಇದೆ. ಸಾಧನೆ ಬರೆಯಲು ಅದು ಭದ್ರ, ಆದರೆ ಸೊಗಸು ನನಗೆ ಕಾಣುವುದು ಕಟ್ಟಳೆಯ ದಾರಿಯಲ್ಲೇ.

ಅದರ ಬಲು ಚೆಂದದ ರೂಪ ಬೆಲ್ ಲ್ಯಾಬ್ಸ್‌ನ ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಪ್ರಕಟಿಸಿದ, ತಪ್ಪು ತಿದ್ದುವ ಸಂಕೇತದಲ್ಲಿದೆ. 0, 1 ಮಾತ್ರ ಇರುವ, 1 + 1 = 0 ಆಗುವ ಲೆಕ್ಕ ಅದು. ಏಳು ಬಿಟ್‌ಗಳ 128 ಸಾಲುಗಳಲ್ಲಿ ಒಪ್ಪಿತವಾದವು 16 ಮಾತ್ರ, ಆ 16ರ ಗುಂಪೇ ಕರ್ನಲ್. ಅದರ ಆಯಾಮ 4, ಆದ್ದರಿಂದ ಕಟ್ಟಳೆಗಳು 3. ಅವುಗಳ ಮಾತೃಕೆಯನ್ನು ಹಲವು ಬಗೆಯಲ್ಲಿ ಬರೆಯಬಹುದಿತ್ತು. ಕಂಬಸಾಲುಗಳಲ್ಲಿ 1ರಿಂದ 7ರವರೆಗಿನ ಸಂಖ್ಯೆಗಳನ್ನೇ ದ್ವಿಮಾನದಲ್ಲಿ ಕ್ರಮವಾಗಿ ಕೂರಿಸಿದ ಆಯ್ಕೆಯನ್ನು ನೋಡಿ. ಒಪ್ಪಿತವಾದ ಒಂದು ಸಾಲನ್ನು ಕಳಿಸಿದಾಗ ದಾರಿಯಲ್ಲಿ ಐದನೆಯ ಬಿಟ್ ಕೆಟ್ಟಿತು ಎನ್ನಿ. ಬಂದ ಸಾಲನ್ನು ಪರಿವರ್ತನೆಗೆ ಒಡ್ಡಿದರೆ ಸೊನ್ನೆ ಬರುವುದಿಲ್ಲ, 101 ಬರುತ್ತದೆ. ದ್ವಿಮಾನದಲ್ಲಿ ಅದು 5.