ನುಡಿಗಟ್ಟಿನ ಔಚಿತ್ಯ: ಹಾರ್ನ್‌ಬಿಯವರ ನಿಘಂಟನ್ನು ಕುರಿತು

ಪರಭಾಷೆಯನ್ನು ಕಲಿಯುವವನಿಗೆ ವ್ಯಾಕರಣವು ವಶವಾದ ಮೇಲೂ ನುಡಿಗಟ್ಟು ವಶವಾಗುವುದಿಲ್ಲ. ಈ ತೊಡಕನ್ನು ಬಿಡಿಸಲು ಹೊರಟ ಗ್ರಂಥಗಳಲ್ಲಿ ಹಾರ್ನ್‌ಬಿ, ಗೇಟನ್‌ಬಿ, ವೇಕ್‌ಫೀಲ್ಡ್ ಇವರ ಇಂಗ್ಲಿಷ್ ನಿಘಂಟು ಮುಖ್ಯವಾದುದು. ಅದು ರೂಪುಗೊಂಡದ್ದು ಜಪಾನಿನಲ್ಲಿ, ಅಲ್ಲಿಯ ವಿದ್ಯಾರ್ಥಿಗಳಿಗಾಗಿ. 1942ರಲ್ಲಿ ಟೋಕಿಯೋದಲ್ಲಿ ಅಚ್ಚಾದ ಅದನ್ನು 1948ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಮುದ್ರಣಾಲಯವು ಮತ್ತೆ ಪ್ರಕಟಿಸಿತು.

ಪದದ ಅರ್ಥವನ್ನು ಹೇಳಿ ಸುಮ್ಮನಾಗದೆ, ಕ್ರಿಯಾಪದವು ಯಾವ ವಾಕ್ಯವಿನ್ಯಾಸದಲ್ಲಿ ನಿಲ್ಲುತ್ತದೆಂಬುದನ್ನು ತೋರಿಸಿದುದೇ ಇದರ ಹಿರಿಮೆ. 'ಟೋಲ್ಡ್ ಮಿ ಟು ಗೋ' ಎಂಬುದು ಸಾಧುವಾದರೆ 'ಸಜೆಸ್ಟೆಡ್ ಮಿ ಟು ಗೋ' ಏಕೆ ಅಸಾಧು? ಅರ್ಥವನ್ನು ಬಲ್ಲವನೂ ಇಲ್ಲಿ ಎಡವುತ್ತಾನೆ. ವಿನ್ಯಾಸವನ್ನು ಬಲ್ಲವನು ಎಡವುವುದಿಲ್ಲ.

ಆದರೆ ವಿನ್ಯಾಸವು ಸರಿಯಾದ ಮಾತ್ರಕ್ಕೆ ಪ್ರಯೋಗವು ಸರಿಯಾಯಿತೆ? 'ಕಿಕ್ ದ ಬಕೆಟ್' ಎಂದರೆ ಸಾಯುವುದು ಎಂದು ನಮ್ಮ ವಿದ್ಯಾರ್ಥಿ ಬಾಯಿಪಾಠ ಮಾಡುತ್ತಾನೆ. ಅದನ್ನೇ ಸಂತಾಪಪತ್ರದಲ್ಲಿ ಬರೆದನೆನ್ನಿ: ವ್ಯಾಕರಣದಲ್ಲಿ ದೋಷವಿಲ್ಲ, ಅರ್ಥದಲ್ಲಿಯೂ ದೋಷವಿಲ್ಲ, ಆದರೂ ಓದಿದವರ ಮನಸ್ಸು ನೋಯುತ್ತದೆ. ಕನ್ನಡದಲ್ಲಿ 'ಗೊಟಕ್ಕೆಂದ' ಎನ್ನುವುದಕ್ಕೂ 'ದಿವಂಗತರಾದರು' ಎನ್ನುವುದಕ್ಕೂ ಅರ್ಥ ಒಂದೇ. ಸಾವಿನ ಮನೆಯಲ್ಲಿ ಮೊದಲನೆಯ ಮಾತನ್ನು ಆಡಬಾರದೆಂದು ನಮಗೆ ಯಾವ ನಿಘಂಟೂ ಕಲಿಸಲಿಲ್ಲ. ಹಿರಿಯರ ನಡುವೆ ಬೆಳೆದು ಕಲಿತೆವು. ನಮ್ಮ ಆಲಂಕಾರಿಕರು, ವಿಶೇಷವಾಗಿ ಕ್ಷೇಮೇಂದ್ರನು, ಔಚಿತ್ಯವೆಂದು ಕರೆದುದು ಇಂಥದನ್ನೇ.

ಆಡುಮಾತು, ಗ್ರಾಮ್ಯ ಎಂಬ ಗುರುತುಗಳನ್ನು ಈ ನಿಘಂಟು ಕೊಡದೆ ಇಲ್ಲ. ಆದರೆ ಗುರುತು ಎಚ್ಚರಿಸಬಲ್ಲದೇ ಹೊರತು ಸಂದರ್ಭವನ್ನು ಕಟ್ಟಿಕೊಡಲಾರದು. ಇದು ನಿಘಂಟುಕಾರರ ತಪ್ಪೆನ್ನುವುದಕ್ಕಿಂತ ನಿಘಂಟೆಂಬ ಪ್ರಕಾರದ ಮಿತಿಯೆನ್ನುವುದು ನ್ಯಾಯ. ತಪ್ಪಿರುವುದು ನಮ್ಮಲ್ಲಿ. ನುಡಿಗಟ್ಟುಗಳ ಪಟ್ಟಿಯನ್ನು ಬರೆಯಿಸಿ, ಪ್ರಬಂಧದಲ್ಲಿ ಅವು ಕಂಡಾಗ ಹೆಚ್ಚು ಅಂಕಗಳನ್ನು ಕೊಟ್ಟು, ನುಡಿಗಟ್ಟು ಒಡವೆಯೆಂಬ ಭ್ರಮೆಯನ್ನು ಬೆಳೆಸಿದವರು ಅಧ್ಯಾಪಕರಾದ ನಾವೇ.

ಆದುದರಿಂದ ಪಟ್ಟಿಗೆ ಬದಲು ಸಂಭಾಷಣೆಯನ್ನು ತರಗತಿಗೆ ತರುವುದು ಲೇಸು. ನಾಟಕದ ಒಂದು ದೃಶ್ಯವನ್ನು ಓದಿಸಿ, ಈ ಮಾತನ್ನು ಯಾರು, ಯಾರಿಗೆ, ಯಾವಾಗ ಆಡಿದರು ಎಂದು ಕೇಳಬೇಕು. ಉತ್ತರ ಖಚಿತವಾಗುವವರೆಗೆ ವಿದ್ಯಾರ್ಥಿಯು ಸರಳವಾದ ಪದವನ್ನೇ ಬಳಸಲಿ. 'ಡೈಡ್' ಎಂದು ಬರೆದವನು ಯಾರನ್ನೂ ನೋಯಿಸಿದವನಲ್ಲ.