ಗಣೆಯ ಉಸಿರು ಗದ್ದಲವೇ?

ಧ್ವನಿಮುದ್ರಣದ ತಂತ್ರಾಂಶವನ್ನು ತೆರೆದರೆ ಗೇನ್, ಸ್ಯಾಂಪಲ್ ರೇಟ್, ನಾಯ್ಸ್ ರಿಡಕ್ಷನ್, ಪಿಚ್ ಕರೆಕ್ಷನ್ ಮುಂತಾದ ಪದಗಳು ಕಾಣುತ್ತವೆ. ಇವೆಲ್ಲ ಒಂದೇ ಬಗೆಯವೆಂದು ನೀವು ಭಾವಿಸಬಹುದು. ಹಾಗಲ್ಲ. ಕೆಲವು ಪದಗಳು ಅಳತೆಯನ್ನು ಹೇಳುತ್ತವೆ, ಕೆಲವು ತೀರ್ಪನ್ನು ಕೊಡುತ್ತವೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಜನಪದ ಹಾಡುಗಳನ್ನು ವಿದ್ಯಾರ್ಥಿಗಳಿಂದ ಮುದ್ರಿಸಿ ಉಳಿಸಬೇಕೆನ್ನುವ ಶಿಕ್ಷಕರು ಈ ವ್ಯತ್ಯಾಸವನ್ನು ತಿಳಿದಿರಬೇಕು.

ಮೊದಲು ಅಳತೆಯ ಪದಗಳನ್ನು ನೋಡೋಣ. ಧ್ವನಿ ಎಂದರೆ ಗಾಳಿಯ ಒತ್ತಡದ ಏರಿಳಿತ. ಇದನ್ನು ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತೇವೆ ಎಂಬುದೇ ಸ್ಯಾಂಪಲ್ ರೇಟ್. ನಮ್ಮ ಕಿವಿಗೆ ಕೇಳುವ ಗರಿಷ್ಠ ಆವೃತ್ತಿ ಸುಮಾರು 20,000 ಹರ್ಟ್ಸ್. ಅದರ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆಯಬೇಕು. ಸಿ.ಡಿ.ಯಲ್ಲಿ ಈ ಸಂಖ್ಯೆ 44,100. ಒಂದೊಂದು ಅಳತೆಯನ್ನು ಎಷ್ಟು ಬಿಟ್‌ಗಳಲ್ಲಿ ಬರೆಯುತ್ತೇವೆ ಎಂಬುದು ಬಿಟ್ ಡೆಪ್ತ್. 16 ಬಿಟ್ ಇದ್ದರೆ 65,536 ಹಂತಗಳು ದೊರೆಯುತ್ತವೆ.

ಮೈಕಿನಿಂದ ಬಂದ ಸಂಕೇತವನ್ನು ಮುದ್ರಣಕ್ಕೆ ಮುಂಚೆ ವರ್ಧಿಸುವುದು ಗೇನ್. ಕೇಳುವಾಗ ಏರಿಸಿ ಇಳಿಸುವುದು ವಾಲ್ಯೂಮ್. ನಾವು ಎರಡಕ್ಕೂ ‘ಸೌಂಡ್ ಜಾಸ್ತಿ ಮಾಡು’ ಎನ್ನುತ್ತೇವೆ. ಗೇನ್ ಮಿತಿ ಮೀರಿದರೆ ಅಲೆಯ ತಲೆಯೇ ಕತ್ತರಿಸಿಹೋಗುತ್ತದೆ. ಇದೇ ಕ್ಲಿಪ್ಪಿಂಗ್. ಆಮೇಲೆ ವಾಲ್ಯೂಮ್ ತಗ್ಗಿಸಿದರೆ ಕಳೆದುಹೋದದ್ದು ಮರಳಿ ಬಾರದು.

ಈ ಪದಗಳ ಬಗ್ಗೆ ತಕರಾರಿಲ್ಲ. ತಕರಾರು ಇರುವುದು ತೀರ್ಪು ಕೊಡುವ ಪದಗಳ ಬಗ್ಗೆ.

‘ನಾಯ್ಸ್’ ಎಂಬ ಪದವನ್ನೇ ತೆಗೆದುಕೊಳ್ಳಿ. 2000ದಲ್ಲಿ ಬಿಡುಗಡೆಯಾದ ಉಚಿತ ತಂತ್ರಾಂಶ ಅಡಾಸಿಟಿಯಲ್ಲಿ, ಹಾಡು ಇಲ್ಲದ ಒಂದು ತುಣುಕನ್ನು ನಾವು ಆರಿಸಿ ‘ಇದು ನಾಯ್ಸ್’ ಎಂದು ತೋರಿಸಬೇಕು. ತಂತ್ರಾಂಶವು ಅದರ ಆವೃತ್ತಿಗಳನ್ನು ಅಳೆದು, ಇಡೀ ಮುದ್ರಣದಲ್ಲಿ ಅಂಥದ್ದನ್ನು ತಗ್ಗಿಸುತ್ತದೆ. ವಿದ್ಯುತ್ ತಂತಿಯಿಂದ ಬರುವ 50 ಹರ್ಟ್ಸ್‌ನ ಗುಂಯ್‌ಗುಡುವಿಕೆ ಹೀಗೆ ಹೋದರೆ ಒಳ್ಳೆಯದೇ. ಆದರೆ ಕಾಡುಗೊಲ್ಲರು ಜುಂಜಪ್ಪನ ಕಾವ್ಯ ಹಾಡುವಾಗ ಊದುವ ಗಣೆಯನ್ನು ನೆನೆಯಿರಿ. ಅದು ಉದ್ದನೆಯ ಬಿದಿರಿನ ಕೊಳಲು. ಅದರ ನಾದದಲ್ಲಿ ಉಸಿರಿನ ಸುಯ್ಯೆನ್ನುವ ಸದ್ದೂ ಬೆರೆತಿರುತ್ತದೆ. ಆ ಸದ್ದು ಮೆಲುವಾದದ್ದು, ಅನೇಕ ಆವೃತ್ತಿಗಳಲ್ಲಿ ಹರಡಿರುವಂಥದ್ದು. ಆದ್ದರಿಂದ ಗಾಳಿಯ ಸದ್ದಿನ ಜೊತೆಗೆ ಅದೂ ಅಳಿಸಿಹೋಗಬಹುದು.

‘ಪಿಚ್ ಕರೆಕ್ಷನ್’ ಇನ್ನೊಂದು ಉದಾಹರಣೆ. 1997ರಲ್ಲಿ ಬಂದ ಆಟೋ-ಟ್ಯೂನ್ ಇದನ್ನು ಜನಪ್ರಿಯಗೊಳಿಸಿತು. ಇಂಥ ಸಾಧನಗಳನ್ನು ಬಳಸುವಾಗ ಸಾಮಾನ್ಯವಾಗಿ ಆಯ್ದುಕೊಳ್ಳುವುದು ಕೀಬೋರ್ಡಿನ 12 ಸಮಪಾಲಿನ ಸ್ವರಗಳನ್ನು. ಷಡ್ಜ 240 ಹರ್ಟ್ಸ್ ಇದ್ದರೆ 5/4 ಅನುಪಾತದ ಅಂತರ ಗಾಂಧಾರ 300 ಹರ್ಟ್ಸ್. ಕೀಬೋರ್ಡಿನಲ್ಲಿ ಅದು ಸುಮಾರು 302.4 ಹರ್ಟ್ಸ್. ಹಾಡುವವರು 300ರಲ್ಲಿ ನಿಂತರೆ ಅದು ತಪ್ಪೇ? ಗಣಕ ಅದನ್ನು ‘ತಿದ್ದುತ್ತದೆ’. ಸರಿಯಾದದ್ದನ್ನು ಕದಲಿಸುವುದನ್ನು ತಿದ್ದುಪಡಿ ಎನ್ನುವುದು ಹೇಗೆ?

ಕನ್ನಡದಲ್ಲಿ ಪಾರಿಭಾಷಿಕ ಪದ ಕಟ್ಟುವವರು ಇದನ್ನು ಗಮನಿಸಬೇಕು. ನಾಯ್ಸ್ ಎಂಬುದನ್ನು ‘ಗದ್ದಲ’ ಎನ್ನುವ ಬದಲು ‘ಬೇಡದ ಸದ್ದು’ ಎಂದರೆ, ಯಾರಿಗೆ ಬೇಡ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಪಿಚ್ ಕರೆಕ್ಷನ್‌ಗೆ ‘ಸ್ವರ ಜರುಗಿಸುವುದು’ ಎಂಬ ಮಾತು ಹೆಚ್ಚು ಪ್ರಾಮಾಣಿಕ.

ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿಯ ಪದಗಳನ್ನು ಕೃಷ್ಣಮೂರ್ತಿ ಹನೂರು ಸಂಗ್ರಹಿಸಿದರು. ಹಾಡಿನ ಮಾತು ಪುಸ್ತಕದಲ್ಲಿ ಉಳಿಯುತ್ತದೆ. ದನಿ, ಉಸಿರು, ಸ್ವರದ ಸೂಕ್ಷ್ಮ ಉಳಿಯುವುದು ಧ್ವನಿಮುದ್ರಣದಲ್ಲಿ ಮಾತ್ರ. ಹಾಡುವ ಹಿರಿಯರು ಇಲ್ಲವಾದ ಮೇಲೆ ಮರುಮುದ್ರಣ ಸಾಧ್ಯವಿಲ್ಲ. ಆದ್ದರಿಂದ ಮೂಲ ಮುದ್ರಣವನ್ನು ವೇವ್ ಕಡತವಾಗಿ, ಏನನ್ನೂ ಅಳಿಸದೆ, ಎರಡು ಕಡೆ ಇಡಿ. ಎಂ.ಪಿ.3 ಕಡತ ಹಂಚಲಿಕ್ಕೆ ಸಾಕು. ಶುಚಿಮಾಡುವ, ತಿದ್ದುವ ಪ್ರಯೋಗಗಳೇನಿದ್ದರೂ ಪ್ರತಿಯ ಮೇಲೆ ನಡೆಯಲಿ.