ಕಾಗದ, ಮನಿಯಾರ್ಡರು, ದನಿ: ಹೊರನಾಡ ಅಧ್ಯಯನಕ್ಕೆ ಒದಗುವ ಮೂರು ಚಿತ್ರಗಳು

ಮುಂಬಯಿಗೂ ಫ್ರೆಂಚ್ ಚಲಚ್ಚಿತ್ರಕ್ಕೂ ಇರುವ ನಂಟು ಭಾರತೀಯ ಸಿನಿಮಾದ ಚರಿತ್ರೆಯಷ್ಟೇ ಹಳೆಯದು. 1896ರ ಜುಲೈ 7ರಂದು ಲೂಮಿಯೇರ್ ಸಹೋದರರ ಕಿರುಚಿತ್ರಗಳು ಇಲ್ಲಿನ ವಾಟ್ಸನ್ ಹೋಟೆಲಿನಲ್ಲಿ ಪ್ರದರ್ಶನಗೊಂಡವು. 1952ರಲ್ಲಿ ದೇಶದ ಮೊದಲ ಅಂತರರಾಷ್ಟ್ರೀಯ ಚಲಚ್ಚಿತ್ರೋತ್ಸವ ಆರಂಭವಾದದ್ದೂ ಇದೇ ನಗರದಲ್ಲಿ. 1968ರಲ್ಲಿ ಹುಟ್ಟಿದ ಪ್ರಭಾತ್ ಚಿತ್ರ ಮಂಡಳದಂತಹ ಫಿಲ್ಮ್ ಸೊಸೈಟಿಗಳು ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಗಂಭೀರವಾಗಿ ನೋಡುವ ಅಭ್ಯಾಸವನ್ನು ಬೆಳೆಸಿದವು. ಇಂತಹ ಪರಿಸರದಲ್ಲಿ ಫ್ರೆಂಚ್ ಚಿತ್ರಗಳ ಮಾತು ಬಂದೊಡನೆ ತ್ರೂಫೋ, ಗೊದಾರ್, ಬ್ರೆಸ್ಸಾನ್ ಮೊದಲಾದವರ ಹೆಸರುಗಳು ಕೇಳಿಬರುವುದು ಸಹಜ. ಈ ಪಟ್ಟಿಯ ಯೋಗ್ಯತೆಯನ್ನು ಅಲ್ಲಗಳೆಯುವಂತಿಲ್ಲ. ಆದರೆ ಹೊರನಾಡ ಕನ್ನಡ ಸಾಹಿತ್ಯವನ್ನು ಅಭ್ಯಸಿಸುವವರಿಗೆ ಇನ್ನೊಂದು ಮಾನದಂಡವೂ ಬೇಕಾಗುತ್ತದೆ. ಊರು ಬಿಟ್ಟವರ ಬದುಕನ್ನು ಯಾರ ಭಾಷೆಯಲ್ಲಿ ಹೇಳಬೇಕು ಎಂಬ ನಮ್ಮದೇ ಪ್ರಶ್ನೆಯನ್ನು ಎದುರಿಸಿದ ಚಿತ್ರಗಳನ್ನು ನಾವು ಮೊದಲು ಹುಡುಕಬೇಕು. ಅಂತಹ ಮೂರು ಕೃತಿಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇವುಗಳಲ್ಲಿ ಒಂದೂ ಪ್ಯಾರಿಸ್ ನಗರದ ಕಥೆಯಲ್ಲ ಎಂಬುದು ಗಮನಾರ್ಹ.

ಮುಂಬಯಿಯ ಕನ್ನಡ ಸಮಾಜ ರೂಪುಗೊಂಡದ್ದು ಬಹುಮಟ್ಟಿಗೆ ದುಡಿಮೆಗಾಗಿ ಬಂದವರಿಂದ. 1926ರಲ್ಲಿ ಸ್ಥಾಪನೆಗೊಂಡ ಮೈಸೂರು ಅಸೋಸಿಯೇಷನ್‌ನಂತಹ ಸಂಸ್ಥೆಗಳ ಜೊತೆಗೆ ಕರಾವಳಿಯವರ ಹೋಟೆಲುಗಳೂ ರಾತ್ರಿ ಶಾಲೆಗಳೂ ಈ ಸಮಾಜದ ಆಧಾರಸ್ತಂಭಗಳಾಗಿದ್ದವು. ಊರಿನಿಂದ ಬರುವ ಕಾಗದ, ಇಲ್ಲಿಂದ ಹೋಗುವ ಮನಿಯಾರ್ಡರು: ದೀರ್ಘಕಾಲ ಈ ಎರಡೇ ಊರನ್ನೂ ಮಹಾನಗರವನ್ನೂ ಹೊಲಿದಿಟ್ಟ ದಾರಗಳು. ಈ ಹಿನ್ನೆಲೆಯುಳ್ಳ ಓದುಗನಿಗೆ ಸೆನೆಗಲ್‌ನ ಲೇಖಕ, ನಿರ್ದೇಶಕ ಉಸ್ಮಾನ್ ಸೆಂಬೆನ್ ಅಪರಿಚಿತನಾಗಿ ತೋರಲಾರ. ಮಾರ್ಸೇಲ್ಸ್ ಬಂದರಿನಲ್ಲಿ ಹಮಾಲಿಯಾಗಿ ದುಡಿದ ಈತ ಮೊದಲು ಕಾದಂಬರಿಕಾರನಾದದ್ದು ಫ್ರೆಂಚ್ ಭಾಷೆಯಲ್ಲಿ.

1966ರ 'ಲಾ ನ್ವಾರ್ ದ' ಎಂಬ ಚಿತ್ರದ ಶೀರ್ಷಿಕೆಯೇ ಅಪೂರ್ಣ. 'ಇಂಥವರ ಕರಿಯ ಹೆಣ್ಣು' ಎಂಬಷ್ಟೇ ಅದರ ಅರ್ಥ. ಆಕೆಗೆ ಒಡೆಯರುಂಟು, ಹೆಸರಿಲ್ಲ. ಡಾಕಾರ್‌ನ ದಿವಾನಾ ಮಕ್ಕಳನ್ನು ನೋಡಿಕೊಳ್ಳುವ ಕೆಲಸವೆಂದು ನಂಬಿ ಫ್ರಾನ್ಸಿನ ಆಂಟೀಬ್ ಪಟ್ಟಣಕ್ಕೆ ಬರುತ್ತಾಳೆ. ಅಲ್ಲಿ ಅಡುಗೆಮನೆಯ ಬಂದಿಯಾಗುತ್ತಾಳೆ. ಚಿತ್ರದ ತಿರುಳು ಒಂದು ಕಾಗದದ ಪ್ರಸಂಗದಲ್ಲಿದೆ. ಊರಿನಿಂದ ತಾಯಿಯ ಹೆಸರಿನಲ್ಲಿ ಬಂದ ಪತ್ರವನ್ನು ಓದುಬರಹ ಅರಿಯದ ದಿವಾನಾಳಿಗೆ ಯಜಮಾನ ಓದಿ ಹೇಳುತ್ತಾನೆ. ಬಳಿಕ ಅವಳ ಪರವಾಗಿ ಉತ್ತರವನ್ನೂ ತಾನೇ ಬರೆಯತೊಡಗುತ್ತಾನೆ. ಅವಳು ಕಾಗದವನ್ನು ಹರಿದೆಸೆಯುತ್ತಾಳೆ. ತನ್ನ ಮಾತನ್ನು ಇನ್ನೊಬ್ಬರು ಆಡುವುದಕ್ಕಿಂತ ಮೌನವೇ ಮೇಲೆಂಬ ಈ ನಿರ್ಧಾರವೇ ಅವಳನ್ನು ಮುಂದೆ ಸಾವಿನವರೆಗೂ ಒಯ್ಯುತ್ತದೆ.

ಆದರೆ ಇಲ್ಲೊಂದು ವಿರೋಧಾಭಾಸವಿದೆ. ಯಜಮಾನರ ಮುಂದೆ ಒಂದೆರಡು ಮಾತಷ್ಟೇ ಆಡುವ ದಿವಾನಾಳ ಅಂತರಂಗದ ಮಾತು ಚಿತ್ರದುದ್ದಕ್ಕೂ ಸುಲಲಿತವಾದ ಫ್ರೆಂಚಿನಲ್ಲಿ, ಬೇರೊಬ್ಬ ಕಲಾವಿದೆಯ ದನಿಯಲ್ಲಿ ಕೇಳಿಬರುತ್ತದೆ. ಹೀಗೆ ಯಜಮಾನ ಮಾಡಿದ್ದನ್ನೇ ಚಿತ್ರವೂ ಒಂದರ್ಥದಲ್ಲಿ ಮಾಡುತ್ತದೆ. ಇದನ್ನು ದೋಷವೆಂದು ಬದಿಗಿಡುವ ಮೊದಲು ನಮ್ಮ ಸಾಹಿತ್ಯದ ಕಡೆಗೆ ನೋಡಬೇಕು. ಯಶವಂತ ಚಿತ್ತಾಲ, ಜಯಂತ ಕಾಯ್ಕಿಣಿ ಇವರ ಮನೆಮಾತು ಕೊಂಕಣಿ. ಅವರ ಮುಂಬಯಿ ಕಥೆಗಳ ಪಾತ್ರಗಳಲ್ಲಿ ಅನೇಕರು ನಿಜಜೀವನದಲ್ಲಿ ಮರಾಠಿ, ಹಿಂದಿ, ಕೊಂಕಣಿಗಳಲ್ಲಿ ವ್ಯವಹರಿಸುವವರು. ಅವರ ಒಳದನಿ ನಮಗೆ ಕನ್ನಡದಲ್ಲಿ ದೊರೆಯುತ್ತದೆ. ಈ ರೂಪಾಂತರದಲ್ಲಿ ಆಗುವ ಲಾಭನಷ್ಟಗಳನ್ನು ವಿಚಾರಿಸದೆ ಕೇವಲ 'ನಗರಪ್ರಜ್ಞೆ'ಯನ್ನು ಚರ್ಚಿಸುವ ವಿಮರ್ಶೆ ಅರ್ಧದಾರಿಯಲ್ಲಿಯೇ ನಿಲ್ಲುತ್ತದೆ.

ಸೆಂಬೆನ್ ಈ ವಿರೋಧಾಭಾಸದಲ್ಲಿಯೇ ನಿಲ್ಲಲಿಲ್ಲ. 1968ರ 'ಮಂದಾಬಿ'ಯನ್ನು ಆತ ವೋಲೋಫ್ ಮತ್ತು ಫ್ರೆಂಚ್ ಎರಡರಲ್ಲಿಯೂ ಚಿತ್ರಿಸಿದ. ವೋಲೋಫ್ ಆವೃತ್ತಿಯನ್ನೇ ಅವಶ್ಯ ನೋಡಬೇಕು. 'ಮಂದಾಬಿ' ಎಂದರೆ ಮನಿಯಾರ್ಡರು. ಪ್ಯಾರಿಸ್ಸಿನಲ್ಲಿ ಬೀದಿ ಗುಡಿಸುವ ಅಬ್ದು ಡಾಕಾರ್‌ನಲ್ಲಿರುವ ಮಾವ ಇಬ್ರಾಹಿಮ ಜೆಂಗನಿಗೆ 25,000 ಫ್ರಾಂಕುಗಳನ್ನು ಕಳಿಸುತ್ತಾನೆ: 20,000 ತನ್ನ ಉಳಿತಾಯಕ್ಕೆ, 3,000 ತಾಯಿಗೆ, 2,000 ಮಾವನಿಗೆ. ಹಣ ಪಡೆಯಲು ಗುರುತಿನ ಚೀಟಿ ಬೇಕು, ಚೀಟಿಗೆ ಜನನ ಪ್ರಮಾಣಪತ್ರ ಬೇಕು. ಫ್ರೆಂಚ್ ಓದಲಾರದ ಜೆಂಗ್ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಹಣ ಕೈಸೇರುವ ಮೊದಲೇ ಸಾಲಗಾರನಾಗುತ್ತಾನೆ. ಕೊನೆಗೆ ನಂಬಿದ ಬಂಧುವಿನಿಂದಲೇ ವಂಚಿತನಾಗುತ್ತಾನೆ. ಮನೆಮಂದಿಯ ಮಾತು ವೋಲೋಫ್, ಅಧಿಕಾರದ ಕಾಗದ ಫ್ರೆಂಚ್. ವಸಾಹತುಶಾಹಿ ತೊಲಗಿದ ಮೇಲೂ ಉಳಿದ ಈ ಬಿರುಕನ್ನು ಸೆಂಬೆನ್ ಹಾಸ್ಯದ ಲೇಪದಿಂದಲೇ ತೋರಿಸುತ್ತಾನೆ. ಹೊರನಾಡ ಅಧ್ಯಯನಗಳು ಸಾಮಾನ್ಯವಾಗಿ ಹಣ ಕಳಿಸುವವನ ಕಷ್ಟವನ್ನು ಕೇಂದ್ರದಲ್ಲಿರಿಸುತ್ತವೆ. 'ಮಂದಾಬಿ' ಹಣ ಬಂದ ಮನೆಯಲ್ಲಿ ಏನಾಗುತ್ತದೆ ಎಂದು ಕೇಳುತ್ತದೆ. ವಲಸೆಯ ಕಥೆಗೆ ಎರಡು ತುದಿಗಳಿವೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಚಿತ್ರ ವಿರಳ.

ಮೂರನೆಯದು ಬೆಲ್ಜಿಯಂನ ಶಾಂತಾಲ್ ಅಕರ್ಮನ್ ಅವರ 'ನ್ಯೂಸ್ ಫ್ರಮ್ ಹೋಮ್' (1977). ಶೀರ್ಷಿಕೆ ಇಂಗ್ಲಿಷಾದರೂ ಕೇಳುವ ಮಾತು ಫ್ರೆಂಚ್. ಇಪ್ಪತ್ತರ ಹರೆಯದಲ್ಲಿ ನ್ಯೂಯಾರ್ಕ್ ಸೇರಿದ ಮಗಳಿಗೆ ಬ್ರಸೆಲ್ಸಿನಿಂದ ತಾಯಿ ಬರೆದ ಪತ್ರಗಳನ್ನು ನಿರ್ದೇಶಕಿಯೇ ಏಕತಾನದಲ್ಲಿ ಓದುತ್ತಾರೆ. ತೆರೆಯ ಮೇಲೆ ಬೀದಿಗಳು, ಸುರಂಗ ರೈಲು, ಮುಖ ತಿರುಗಿಸಿ ಹೋಗುವ ಜನ. ಮನೆಯವರ ಆರೋಗ್ಯ, ಅಂಗಡಿಯ ವ್ಯಾಪಾರ, 'ಯಾಕೆ ಬರೆಯುವುದಿಲ್ಲ' ಎಂಬ ಆಕ್ಷೇಪ ಮತ್ತೆ ಮತ್ತೆ ಬರುತ್ತವೆ. ಮಗಳ ಉತ್ತರ ಮಾತ್ರ ಒಂದೂ ಕೇಳಿಸದು. ರೈಲಿನ ಸದ್ದಿಗೆ ತಾಯಿಯ ಮಾತು ಮುಳುಗಿದಾಗ ನಿರ್ದೇಶಕಿ ದನಿಯನ್ನು ಎತ್ತರಿಸುವುದಿಲ್ಲ. ಲೋಕಲ್ ರೈಲಿನಲ್ಲಿ ನಿಂತು ಊರಿನ ಕಾಗದವನ್ನು ಓದಿದ ಒಂದು ತಲೆಮಾರಿನ ಅನುಭವಕ್ಕೆ ಇಷ್ಟು ಸಮೀಪದ ದೃಶ್ಯರೂಪವನ್ನು ಬೇರೆಡೆ ಕಾಣುವುದು ಕಷ್ಟ.

ಆದರೂ ಈ ಚಿತ್ರದ ಮಿತಿಯನ್ನು ಹೇಳಲೇಬೇಕು. ಅಕರ್ಮನ್ ಅವರ ನ್ಯೂಯಾರ್ಕಿನಲ್ಲಿ ನೆರೆಮನೆಯವರಿಲ್ಲ. ನಗರವೆಲ್ಲ ದೂರದ ನೋಟವಾಗಿಯೇ ಉಳಿಯುತ್ತದೆ. ಕಾಯ್ಕಿಣಿಯವರ ಮುಂಬಯಿ ಕಥೆಗಳಲ್ಲಿ ಅಪರಿಚಿತರು ಕೆಲವು ಗಳಿಗೆಗಳ ಮಟ್ಟಿಗಾದರೂ ಒಬ್ಬರಿಗೊಬ್ಬರು ಬಂಧುಗಳಾಗುತ್ತಾರೆ. ಚಿತ್ತಾಲರ 'ಶಿಕಾರಿ'ಯ (1979) ನಾಗಪ್ಪನಿಗೆ ನಗರವು ಬೇಟೆಯ ಕಾಡಾದರೂ ಬೇಟೆಗಾರರಿಗೆ ಮುಖಗಳಿವೆ. ಕನ್ನಡದ ಈ ಸಾಧನೆಯ ಸ್ವರೂಪ ಅಕರ್ಮನ್ ಅವರ ಚಿತ್ರದ ಪಕ್ಕದಲ್ಲಿಟ್ಟಾಗ ಹೆಚ್ಚು ಸ್ಪಷ್ಟವಾಗುತ್ತದೆ. ತೌಲನಿಕ ಅಧ್ಯಯನದ ಪ್ರಯೋಜನವೂ ಇದೇ: ನಮ್ಮದು ಹಿರಿದೆಂದು ಸಾರುವುದಲ್ಲ, ನಮ್ಮದು ಯಾವುದೆಂದು ಗುರುತಿಸುವುದು.

ಈ ಚಿತ್ರಗಳು ದುರ್ಲಭವಲ್ಲ. 'ಲಾ ನ್ವಾರ್ ದ' 2015ರಲ್ಲಿ ಪುನರುಜ್ಜೀವನಗೊಂಡಿದೆ. ಮೂರೂ ಇಂಗ್ಲಿಷ್ ಅಡಿಬರಹಗಳೊಡನೆ ಡಿಸ್ಕ್‌ಗಳಲ್ಲಿ ಪ್ರಕಟವಾಗಿವೆ. ಮೊದಲು 'ಲಾ ನ್ವಾರ್ ದ', ಆಮೇಲೆ 'ಮಂದಾಬಿ', ಕೊನೆಗೆ 'ನ್ಯೂಸ್ ಫ್ರಮ್ ಹೋಮ್' ನೋಡುವುದು ಸೂಕ್ತ. ಪರರ ಕೈಯಲ್ಲಿ ಸಿಕ್ಕಿದ ಕಾಗದವು ಕ್ರಮೇಣ ಬರೆದವಳ ಮಾತಾಗಿ ನಿಲ್ಲುವ ಬಗೆ ಆಗ ಗೋಚರಿಸುತ್ತದೆ. ಮಹಾನಗರದಲ್ಲಿ ಬರೆದದ್ದಷ್ಟೇ ಹೊರನಾಡ ಸಾಹಿತ್ಯವಲ್ಲ. ಮಹಾನಗರಕ್ಕೆ ಊರಿನಿಂದ ಬರೆದು ಕಳಿಸಿದ್ದೂ ಅದರ ಭಾಗವೇ. ಆ ಪತ್ರಗಳು ಇಂದಿಗೂ ಹಲವು ಮನೆಗಳ ಟ್ರಂಕುಗಳಲ್ಲಿರುವುದು ಸಂಭವ. ಅವನ್ನು ಜೋಪಾನವಾಗಿ ಸಂಗ್ರಹಿಸಿ, ಬರೆದವರ ಮತ್ತು ಪಡೆದವರ ಕುಟುಂಬಗಳ ಒಪ್ಪಿಗೆಯೊಡನೆ ಅಭ್ಯಸಿಸುವ ಕಾರ್ಯವನ್ನು ಹೊರನಾಡಿನ ಕನ್ನಡ ವಿಭಾಗಗಳು ಕೈಗೆತ್ತಿಕೊಳ್ಳಬೇಕಾಗಿದೆ.